ಮಿಕ್ಕ ಪಟ್ಟಿ

ಬಳೆ ತೆಗೆದು ಸ್ಟೇರಿಂಗ್ ಪಕ್ಕದ ಗೇರ್ ಲಿವರಿಗೆ ಸಿಕ್ಕಿಸಿದೆ.
ಒಂದು ಗ್ರಾಂ ಬಂಗಾರದವು, ಒಳಗೆಲ್ಲ ತಾಮ್ರ.
ಬ್ಯಾಟರಿಯ ಹತ್ತಿರ ಬಳೆಯೂ ಬರೀ ತಂತಿ:
ಪ್ಯಾರೇಜಾನ್ ಸಾಬರು ಹೇಳಿಕೊಟ್ಟ ಮೊದಲ ಪಾಠ.
ಎರಡನೆಯದು: ಬೈಯುವ ಮುಂಚೆ ಬಲ್ಬು ಹಚ್ಚಿ ನೋಡು.

ಅರವತ್ತೆರಡರ ಅಂಬಾಸಡರು. ಮುಳಬಾಗಿಲಿನ ಅರ್ಧ ಊರು
ಇದರಲ್ಲೇ ಕ್ಲಚ್ಚು ಬಿಡಲು ಕಲಿತದ್ದು,
ಕೆರೆ ಏರಿಯ ಮೇಲೆ ರಿವರ್ಸು ತಪ್ಪಿ ಅತ್ತದ್ದು.
ಎಡಗಡೆ ಸೀಟಿನ ಕಾಲಡಿಗೂ ಒಂದು ಬ್ರೇಕು, ರೆಡ್ಡಿಗಾರುದು.
ಅದರ ರಬ್ಬರೇ ಹೆಚ್ಚು ಸವೆದಿದೆ.

ಹಳೇ ಇಂಜಿನ್ನು ಹೊಗೆ ಕಾರಿ ಕೂತ ಮೇಲೆ
ಡೇರಿಯ ಮೆಟಡೋರಿನದೊಂದನ್ನು ಗುಜರಿಯಿಂದ ತಂದರು,
ಇಪ್ಪತ್ತು ವರ್ಷ ಬೆಳಗಿನ ಜಾವ ಹಾಲು ಹೊತ್ತದ್ದು.
ನಯಾಜ್ ಅದನ್ನು ಇಳಿಸಿ, ಕೂರಿಸಿ, ಕೈ ಒರೆಸಿಕೊಂಡ:
"ನಟ್ಟು ಬೋಲ್ಟು ನಂದು, ಮುಗೀತು. ಕರೆಂಟು ನಿಂದು ಅಕ್ಕಾ."

ಕೀ ತಿರುಗಿಸಿದರೆ
ಟಕ್.
ಇನ್ನೊಮ್ಮೆ,
ಟಕ್.
ಲೊಚಗುಟ್ಟಿ ಬೇಡ ಅನ್ನುವ ಅತ್ತೆಯ ಹಾಗೆ.

ಬ್ಯಾಟರಿ ಬದಲಾಯಿತು. ಸಾಲಿನಾಯ್ಡು ಬದಲಾಯಿತು.
ಈ ಗಾಡಿ ಹುಟ್ಟಿದಾಗ ಪ್ಲಸ್ಸೇ ನೆಲ,
ಡೇರಿಯ ಇಂಜಿನ್ನಿಗೆ ಮೈನಸ್ಸು ನೆಲ;
ಅದನ್ನೂ ತಿರುಗಿಸಿ ಕಟ್ಟಿದ್ದೆ, ಮೊದಲೇ.
ಎರಡನೇ ದಿನ ಡ್ಯಾಶ್‌ಬೋರ್ಡು ಕಳಚಿದೆ.
ಬಟ್ಟೆ ಸುತ್ತಿದ ವೈರುಗಳು. ಹಸಿರು, ನೀಲಿ, ನೇರಳೆ ಎಂದು ಹುಟ್ಟಿದವು
ಈಗೆಲ್ಲ ಟೀ ಸೋಸಿದ ಬಟ್ಟೆಯ ಬಣ್ಣ.
ಗೋಣಿ ಹೊಲಿಯುವ ದಬ್ಬಳಕ್ಕೆ ಬಲ್ಬು ಕಟ್ಟಿಕೊಂಡಿದ್ದೇನೆ,
ಅದರಿಂದಲೇ ಚುಚ್ಚಿ ಚುಚ್ಚಿ ಒಂದೊಂದರ ಹೆಸರು ಕೇಳಿದೆ.
ಎಲ್ಲವೂ ಬೆಳಗಿ ಒಪ್ಪಿಕೊಂಡವು.
ಇಲಿ ಕಡಿದದ್ದು ಎರಡು, ಯಾರೋ ಗಾಯದ ಪಟ್ಟಿ ಸುತ್ತಿದ್ದು ಒಂದು.
ಕಳ್ಳ ಮಾತ್ರ ಯಾವುದೂ ಅಲ್ಲ.

ಮೂರನೇ ಸಂಜೆ ಊರಿನದೇ ಕರೆಂಟು ಹೋಯಿತು.
ಶೆಡ್ಡು, ಬೇಕರಿ, ಬೈಪಾಸಿನ ದೋಸೆ ಹೋಟೆಲ್ಲು, ಎಲ್ಲಾ ಕಪ್ಪು.
ನಾನು ಟಾರ್ಚು ತಡಕುತ್ತಿದ್ದೆ. ಸುಮ್ಮನಿರಲಾರದೆ
ರೆಡ್ಡಿಗಾರು ಕೀ ತಿರುಗಿಸಿದರು.
ಟಕ್.
ಬಾನೆಟ್ಟಿನೊಳಗೆ ಕೆಂಪು ಗೆರೆಯೊಂದು ಎದ್ದಿತು,
ಬೀಡಿಯ ಕೆಂಡವನ್ನು ಎಳೆದು ಮೊಳದುದ್ದ ಮಾಡಿದ ಹಾಗೆ.
"ಬಿಡಿ!" ಅಂದೆ. ಆರಿತು.
"ಇನ್ನೊಂದು ಸಲ." ಹತ್ತಿತು.

ಸ್ಟಾಪ್ ಕೇಬಲ್ಲು.
ಡೀಸೆಲ್ ಇಂಜಿನ್ನನ್ನು ಎಳೆದು ನಿಲ್ಲಿಸುವ ಬಡಪಾಯಿ,
ನಿಲ್ಲಿಸುವುದೇ ಕಸುಬಾದದ್ದು,
ಸ್ಟಾರ್ಟರಿನ ಅಷ್ಟೂ ಹೊರೆಯನ್ನು ಒಂದೇ ಬೆನ್ನ ಮೇಲೆ
ಬ್ಯಾಟರಿಗೆ ವಾಪಸು ಹೊತ್ತು ತರುತ್ತಿತ್ತು.

ಮೂರು ದಿನ ನಾನು ಹೋಗುವ ದಾರಿಯನ್ನೇ ಕೇಳಿದ್ದೆ.
ಬರುವುದು ಹೇಗೆಂದು ಕೇಳಿರಲಿಲ್ಲ.
ಇಂಜಿನ್ನು ರಬ್ಬರಿನ ಮೇಲೆ ಕೂತಿತ್ತು, ಮಡಿ ಉಟ್ಟವರ ಹಾಗೆ,
ಗಾಡಿಯ ತಗಡನ್ನು ಎಲ್ಲೂ ಮುಟ್ಟದೆ.

"ನಯಾಜ್, ಹೆಣೆದ ತಾಮ್ರದ ಪಟ್ಟಿ ಒಂದಿತ್ತಲ್ಲ, ಚಾಸಿಗೆ?"

ಫಿಟ್ಟಿಂಗು ಮುಗಿದ ಮೇಲೆ ಏನಾದರೂ ಮಿಗುತ್ತದೆ,
ಎರಡು ವಾಷರು, ಒಂದು ಬೋಲ್ಟು. ಯಾರೂ ಕೇಳುವುದಿಲ್ಲ.
ಅವನ ಹುಡುಗ ತಲೆ ತಗ್ಗಿಸಿ, ಮೊಬೈಲ್ ಬೆಳಕು ಹಿಡಿದು ನಡೆದ.
ಶೆಡ್ಡಿನ ಗೇಟಿಗೆ ಚಿಲಕವಿರಲಿಲ್ಲ. ಮೇಕೆ ನುಗ್ಗದಂತೆ
ಅದರಿಂದಲೇ ಕಟ್ಟಿದ್ದ, ಎರಡು ಗಂಟು ಹಾಕಿ.

ಉಪ್ಪುಕಾಗದ ಹಿಡಿದು ಪೇಂಟು ಉಜ್ಜಿದೆ, ಕಬ್ಬಿಣ ಬೆಳ್ಳಗಾಗುವವರೆಗೆ.
ಬೋಲ್ಟು ಬಿಗಿದೆ.
ಈ ಸಲ ಟಕ್ ಅನ್ನಲಿಲ್ಲ.
ಸಂಜೆ ಏಳಕ್ಕೇ ನಸುಕಾಯಿತೆಂದು ತಿಳಿದು
ಡೇರಿಯ ಇಂಜಿನ್ನು ಗಡಗಡ ಎದ್ದಿತು.
ನಯಾಜ್ ನನ್ನ ಮುಖ ನೋಡಲಿಲ್ಲ, ಟೀ ತರಿಸಿದ.
ಗೇಟು ತೆರೆದೇ ಇತ್ತು. ಮೇಕೆ ಒಳಗೆ ಬಂದು
ಹಿಂದಿನ ಸೀಟಿನ ತೆಂಗಿನ ನಾರು ಮೇಯುತ್ತಿತ್ತು.

ಒಂದು ಉಳಿದಿತ್ತು. ನೆಲ ಬದಲಾಗಿದ್ದು ತಿಳಿಯದ ಆಮ್ಮೀಟರು
ಚಾರ್ಜಾದರೆ ಡಿಸ್ಚಾರ್ಜು ಅನ್ನುತ್ತಿತ್ತು.
"ವೈರು ಅದಲು ಬದಲು ಮಾಡಿದರಾಯಿತು, ಎರಡೇ ನಿಮಿಷ."
"ಬ್ಯಾಡಮ್ಮ," ಅಂದರು ರೆಡ್ಡಿಗಾರು.
"ಮೂವತ್ತು ವರ್ಷ ಎಡಗಡೆ ಕೂತು ಕಾರು ಓಡಿಸಿದೋನು.
ಉಲ್ಟಾ ಓದೋದು ನಂಗೊತ್ತು."

ಕತ್ತಲ ರಸ್ತೆಯಲ್ಲಿ ಗಾಡಿ ಹೊರಟಿತು.
ಎರಡನೇ ಗೇರಿಗೆ ಬಿದ್ದಾಗ ಒಳಗೇನೋ ಗಲ್ ಅಂದಿತು.
ಆಗಲೇ ನಾನು ಬರಿಗೈ ನೋಡಿಕೊಂಡದ್ದು.