ಎಡಗಡೆ ಹಿಂದಿನ ಸ್ಪೀಕರು

ಕಂಪನಿಯವರೇ ಕೂರಿಸಿದ ಸೆಟ್ಟು, ಒರಿಜಿನಲ್ಲು,
ಎಂದಿದ್ದ ವ್ಯಾನು ಮಾರಿದವನು, ಡ್ಯಾಶ್‌ಬೋರ್ಡು ತಟ್ಟಿ.
ಒರಿಜಿನಲ್ಲೇ ಸರಿ.
ಹಾಡು ಹಾಕಿದರೆ ಡಬ್ಬದೊಳಗೆ ಯಾರೋ ಕೂತು
ಮೂಗು ಹಿಡಿದು ಹಾಡಿದ ಹಾಗೆ.
ತಬಲ ಬರುವ ಮೊದಲೇ
ಬಾಗಿಲ ತಗಡು ಮುಂದಾಗಿ ತಾಳ ಹಾಕುವುದು.

ಗೋಣಿಕೊಪ್ಪದ ಬೈಪಾಸಿನಲ್ಲಿ ಮೊಯ್ದು
ಒಂದು ಹಾಡು ಪೂರ್ತಿ ಕೇಳಿದ,
ಕಿವಿಯ ಹಿಂದೆ ಸಿಕ್ಕಿಸಿದ ಬೀಡಿ ತೆಗೆಯದೆ.
"ಸ್ಪೀಕರಿಗೆ ದುಡ್ಡು ಸುರಿಯಬೇಡ ಪೂವಯ್ಯ,
ಮೊದಲು ಈ ಬಾಗಿಲಿನ ಬಾಯಿ ಮುಚ್ಚಿಸೋಣ."

ಹೊದಿಕೆ ಬಿಚ್ಚುವಾಗ ಹನ್ನೊಂದು ಕ್ಲಿಪ್ಪಿನಲ್ಲಿ ಐದು ಮುರಿದವು.
ಒಳಗೆ, ಗಾಜಿನ ಸಂದಿಯಿಂದ ಬಿದ್ದ ಕಾಫಿ ಬೀಜ ಒಂದು ಹಿಡಿ,
ಒಂದು ತಲೆಪಿನ್ನು, ಬಣ್ಣ ಹೋದ ಗುಂಡಿ.
ಇಷ್ಟು ವರ್ಷ ಇವೇ ನನ್ನ ಹಾಡಿಗೆ ಗಿಲಕಿ.
ಡಾಂಬರಿನ ಹಾಳೆ ಅಂಟಿಸಿ,
ಹೆಂಡತಿಯ ಕೂದಲು ಒಣಗಿಸುವ ಮೆಷೀನಿನಿಂದ ಬಿಸಿ ಊದಿ,
ಉರುಳೆಯಲ್ಲಿ ತೀಡಿ ತೀಡಿ,
ಗೆಣ್ಣಿನಿಂದ ಬಡಿದು ನೋಡಿದ, ಹಲಸು ಕೊಳ್ಳುವವರ ಹಾಗೆ.
ಟಂಗ್ ಅನ್ನುತ್ತಿದ್ದದ್ದು ದಡ್ ಅಂದಿತು.
ಆಕ್ಸಿಲರೇಟರ್ ತುಳಿದಾಗೆಲ್ಲ ಏಳುತ್ತಿದ್ದ ಸೊಳ್ಳೆಯನ್ನು
ತುಕ್ಕು ಉಜ್ಜಿ, ಅರ್ತಿನ ವೈರು ಬೇರೆ ಕಡೆ ಬಿಗಿದು ಕೊಂದ.

ಮರುದಿನ ಐದೂವರೆಗೆ ತಿತಿಮತಿ,
ಹಾಡಿಯ ಹೆಂಗಸರು ಹನ್ನೆರಡು ಜನ, ಬುತ್ತಿ, ಕತ್ತಿ, ಒಂದು ಕೂಸು.
ವಾಲ್ಯೂಮು ಹದಿನಾಲ್ಕು.
ಕೊಳಲಿಗೆ ಉಸಿರಿದೆ ಎಂದು ಆವತ್ತು ಗೊತ್ತಾಯಿತು.
ಆದರೆ ಎಡಗಡೆ ಹಿಂದೆ, ಸ್ವರ ಎಳೆದಲ್ಲೆಲ್ಲ,
ಸಣ್ಣಗೆ ಒಂದು ಜುಂಯ್.

ತೋಟದಲ್ಲಿ ಅವರನ್ನು ಇಳಿಸಿ ಬರುವಾಗ ಇಲ್ಲ.
ಮೊಯ್ದುವಿನ ಅಂಗಡಿ ಮುಂದೆ ಇಲ್ಲ.
ಬೆಳಿಗ್ಗೆ ಇದೆ.
ಮೂರು ಸಲ ಬಿಚ್ಚಿದ. ಎಂಟುನೂರು ಕೊಟ್ಟು ಹೊಸ ಕೋನು ಹಾಕಿಸಿದೆ.
"ಮೆಷೀನಿನದು ಮುಗೀತು, ಇನ್ನು ನಿನ್ನ ಕಿವಿಗೆ ಎಣ್ಣೆ ಬಿಡು" ಎಂದ.
ಬಿಟ್ಟೆ ಕೂಡ.
ಜುಂಯ್.

ಶುಕ್ರವಾರ, ಡಿಪೋ ತಿರುವು ದಾಟಿದಲ್ಲಿ
ರಸ್ತೆಗೆ ಅಡ್ಡ ಒಂಟಿ ಆನೆ.
ಲೈಟು ಆರಿಸಿದೆ. ಎಂಜಿನ್ನು ಆರಿಸಿದೆ.
ಹಾಡು ಅಲ್ಲೇ ತುಂಡಾಯಿತು.
ಜುಂಯ್ ತುಂಡಾಗಲಿಲ್ಲ.
ಇನ್ನೂ ಅರ್ಧ ಸಾಲು ನಡೆಯಿತು ತನ್ನ ಪಾಡಿಗೆ,
ಶ್ರುತಿಗಿಂತ ಒಂದು ಬೆರಳು ಕೆಳಗೆ,
ಆಮೇಲೆ ಯಾರೋ ಮೊಣಕೈಯಲ್ಲಿ ತಿವಿದ ಬಳೆ ಸದ್ದು.
ಕನ್ನಡಿಯಲ್ಲಿ ಬೊಳ್ಳಿ,
ಬಾಯಿಯ ಮೇಲೆ ಸೆರಗು.

ಕಾಲು ಗಂಟೆ ಯಾರೂ ಕೆಮ್ಮಲಿಲ್ಲ.
ಆನೆ ಬಿದಿರು ಮುರಿದು, ತಿಂದು, ಯೋಚಿಸಿ, ಹೋಯಿತು.

ಮಾರನೇ ದಿನ ಸರಿಯಾಗಿ ಕೇಳೋಣವೆಂದು
ವಾಲ್ಯೂಮು ಆರಕ್ಕೆ ಇಳಿಸಿದೆ.
ಬರಲಿಲ್ಲ.
ಸೋಮವಾರವೂ ಆರು. ಕೊಳಲು ಬಂತು, ತಬಲ ಬಂತು,
ಹಿಂದಿನ ಸೀಟಿನಲ್ಲಿ ಕೂಸಿನ ನಿದ್ದೆ ಬಂತು.
ಅದು ಬರಲಿಲ್ಲ.
ಯಾಕೋ ಹಾಡೇ ಹಳಸಿದ ಹಾಗೆ.
ಮಂಗಳವಾರ ಏನೂ ಗೊತ್ತಿಲ್ಲದವನಂತೆ
ಮತ್ತೆ ಹದಿನಾಲ್ಕು.
ಎರಡು ಮೈಲಿ ಏನಿಲ್ಲ. ಮೂರನೆಯದರಲ್ಲಿ, ಮೋರಿ ದಾಟುವಾಗ,
ಮೊದಲು ಕಾಲು ಸ್ವರ, ಆಮೇಲೆ ಮುಕ್ಕಾಲು.

"ಬಾ, ಇನ್ನೊಂದು ಸಲ ಬಿಚ್ಚಿ ನೋಡುವ" ಎಂದು ಮೊಯ್ದು ಫೋನು ಮಾಡಿದ.
ಪಾಪ, ಅವನಿಗೂ ನಿದ್ದೆ ಇಲ್ಲ.
"ಸರಿಯಾಯ್ತು, ವೈರು ಸಡಿಲ ಇತ್ತು" ಅಂದೆ.
"ಯಾವ ವೈರು?"
ಸಿಗ್ನಲ್ಲಿಲ್ಲ ಎಂದು ಇಟ್ಟುಬಿಟ್ಟೆ.

ಬ್ಯಾಲೆನ್ಸಿನ ಗುಬುಟು ಈಗ
ಬಲಕ್ಕೆ ಎರಡು ಗೆರೆ ತಿರುಗಿಸಿಟ್ಟಿದ್ದೇನೆ.
ಎಡಗಡೆ ಹಿಂದೆ
ಯಂತ್ರದ ಪಾಲು ಸ್ವಲ್ಪ ಕಡಿಮೆ.