ಹದಿನೇಳರ ಮಗ್ಗಿ

ಬೆಳಗಿನ ಐದೂ ಮುಕ್ಕಾಲು. ಬಸ್ಸೆಲ್ಟನ್ನಿನ ಮರಳಲ್ಲಿ
ಸಾವಿರದ ಚಿಲ್ಲರೆ ಮಂದಿ ಕರಿ ರಬ್ಬರಿನ ತೊಗಲು ತೊಟ್ಟು ನಿಂತಿದ್ದೆವು.
ನನ್ನದು ಎರವಲು ತೊಗಲು, ಮಾರ್ಗಿಯದು.
ಅವಳು ನನಗಿಂತ ಒಂದು ಗೇಣು ಉದ್ದ.
ಮೊಣಕಾಲ ಹಿಂದೆ ನೆರಿಗೆ ಬಿದ್ದು ಕಚ್ಚುತ್ತಿತ್ತು.

ಎದುರಿಗೆ, ನೀರೊಳಗೆ ನಡೆದು ಹೋದ ಮರದ ಜೆಟ್ಟಿ.
ತುದಿ ಸುತ್ತಿ ಬರಬೇಕು.
ತುದಿ ಕಾಣುತ್ತಿರಲಿಲ್ಲ.

ನಲವತ್ತಮೂರಕ್ಕೆ ಈಜು ಕಲಿತವಳು ನಾನು,
ಬನ್‌ಬರಿಯ ಕೊಳದಲ್ಲಿ, ಐದು ವರ್ಷದ ಮಕ್ಕಳ ಸಾಲಿನಲ್ಲಿ.
ಮುಳುಗಿ ಎದ್ದವರಿಗೆಲ್ಲ ಕಪ್ಪೆಯ ಸ್ಟಿಕ್ಕರು.
ನನಗೂ ಒಂದು.
ಇನ್ನೂ ಫ್ರಿಜ್ಜಿನ ಮೇಲಿದೆ.

ಈಜು, ಸೈಕಲ್ಲು, ಓಟ, ಎಲ್ಲ ಸೇರಿ ಹದಿನೇಳು ತಾಸು ಗಡುವು.
ಹದಿನೇಳು!
ಹದಿನಾರರ ತನಕ ಗಡಗಡ ಓಡುತ್ತಿದ್ದ ನಾಲಿಗೆ
ಹದಿನೇಳೇಳ್ಲೆ ಎನ್ನುವಲ್ಲಿ ಕಾಲು ಜಾರಿ ಬೀಳುತ್ತಿತ್ತು.
ಮಾಸ್ತರರು ಬೈಯುತ್ತಿರಲಿಲ್ಲ. ಕಾಯುತ್ತಿದ್ದರು.
ಬೈದಿದ್ದರೆ ಚೆನ್ನಾಗಿತ್ತು.

ಹದಿನೇಳೊಂದ್ಲೆ ಹದಿನೇಳು, ಬಲಗೈ.
ಹದಿನೇಳೆರಡ್ಲೆ ಮೂವತ್ನಾಲ್ಕು, ಎಡಗೈ, ಉಸಿರು.
ಯಾರದೋ ಹಿಮ್ಮಡಿ ನನ್ನ ಕನ್ನಡಕಕ್ಕೆ.
ಹದಿನೇಳ್ಮೂರ್ಲೆ ಐವತ್ತೊಂದು, ಉಪ್ಪು.
ಹದಿನೇಳಾರ್ಲೆ ನೂರಾಎರಡು,
ಹದಿನೇಳೇಳ್ಲೆ...
ಮತ್ತೆ ಒಂದರಿಂದ.
ಹೀಗೆ ಜೆಟ್ಟಿಯ ಕಂಬ ಕಂಬಕ್ಕೂ ತಪ್ಪಿ ತಪ್ಪಿ
ಒಂದು ಸಮುದ್ರ ಮುಗಿಸಿದೆ.

ಸೈಕಲ್ಲಿನ ಬಗ್ಗೆ ಹೇಳುವುದು ಕಡಿಮೆ. ನೂರೆಂಬತ್ತು ಕಿಲೋಮೀಟರು.
ರೊಟ್ಟಿ ಬಡಿಯುವ ಹಲಗೆಯಂಥ ರಸ್ತೆ.
ಏರಿಲ್ಲ ಅಂತ ಹಿಗ್ಗಿದ್ದೆ,
ಇಳಿಜಾರೂ ಇರುವುದಿಲ್ಲ ಎಂದು ಯಾರೂ ಹೇಳಿರಲಿಲ್ಲ.
ಗಾಳಿ ಎದುರಾಯಿತು. ತಿರುಗಿ ಬರುವಾಗಲೂ ಎದುರಾಯಿತು.
ಟುವರ್ಟ್ ಮರಗಳ ನೆರಳಲ್ಲಿ ನೊಣಗಳು ಮಾತ್ರ
ನನ್ನ ಜೊತೆಗೇ, ನಿಷ್ಠೆಯಿಂದ.

ಎದೆಯ ಮೇಲಿನ ಚೀಟಿಯಲ್ಲಿ ಮೆಣಸಿನಕಾಯಿ.
ನಮ್ಮ ಮನೆತನದ ಹೆಸರು. ಮೈಕಿನವ ಮೂರು ಸಲ ಎತ್ತಿ ಮೂರು ಸಲ ಇಳಿಸಿದ.
ನೀರು ಕೊಡುವ ಹುಡುಗಿಗೆ ಅರ್ಥ ಹೇಳಿದ್ದೇ ತಪ್ಪು,
ಓಟದ ಎರಡನೇ ಸುತ್ತಿಗೆ ದಂಡೆಯುದ್ದಕ್ಕೂ ಒಂದೇ ಕೂಗು:
"ಗೋ ಚಿಲ್ಲಿ!"

ಮೂರನೇ ಸುತ್ತಿಗೆ ಕತ್ತಲೆ. ಓಟ ಎಂಬುದು ಮಾತಿಗಷ್ಟೆ.
ಪಕ್ಕಕ್ಕೆ ಬಂದ ಡೆಸ್ಮಂಡ್, ಎಪ್ಪತ್ತೊಂದು ವರ್ಷ.
ಕುರಿ ಕತ್ತರಿಸುವ ಕೊಟ್ಟಿಗೆಯಲ್ಲಿ ತಲೆ ಎಣಿಸಿ ಬರೆದಿಟ್ಟು
ನಲವತ್ತು ವರ್ಷ ಕಳೆದವನಂತೆ.
ಕೇಳಿಯೇಬಿಟ್ಟೆ: ಹದಿನೇಳೇಳು ಎಷ್ಟಪ್ಪ?
"ನೂರಾಹತ್ತೊಂಬತ್ತು," ಅಂದ,
ಕಾಲ ಬಳಿ ಹಾದ ಕುರಿ ನೋಡಿದ ಹಾಗೆ.
ಆಮೇಲೆ ಪೆಪ್ಪರ್‌ಮಿಂಟ್ ಮರದ ಕೆಳಗೆ ಕೂತ.
ಷೂ ಬಿಚ್ಚಿದ. ಒಂದನ್ನು ಇನ್ನೊಂದರ ಪಕ್ಕ ನೇರವಾಗಿ ಇಟ್ಟ.
"ನೀನು ನಡಿ. ನಾನು ಇಲ್ಲಿಂದ ನಿನ್ನನ್ನ ಎಣಿಸ್ತೀನಿ."

ಮುಂದೆ ನೂರಾಮೂವತ್ತಾರು, ನೂರಾಐವತ್ಮೂರು,
ಬಾಯಿಪಾಠ ತಾನಾಗಿ ಬಂತು.
ಕಾಲಿಗೆ ಅದು ಗೊತ್ತಾಗಲಿಲ್ಲ.

ಕಮಾನಿನ ಕೆಳಗೆ ಬಂದಾಗ ಹದಿನಾರು ತಾಸು ಐವತ್ತೊಂದು ನಿಮಿಷ.
ಪದಕ ಹಾಕಿದ ಹೆಂಗಸಿಗೆ ನಾನಂದ ಮೊದಲ ಮಾತು "ನೂರಾಹತ್ತೊಂಬತ್ತು".
ಅವಳು ವೈದ್ಯರನ್ನು ಕರೆದಳು.

ಬುಧವಾರ ಕೆಲಸಕ್ಕೆ ಹೋದೆ, ಮೆಟ್ಟಿಲನ್ನು ಬೆನ್ನುಮುಂದಾಗಿ ಇಳಿದು.
ರಕ್ತ ತೆಗೆಯುವುದು ನನ್ನ ಕೆಲಸ.
ಸೂಜಿ ಕಂಡರೆ ಎಲ್ಲರೂ ಕಿಟಕಿ ನೋಡುತ್ತಾರೆ.
ಅಂದು ಒಬ್ಬ ಮುದುಕ ನನ್ನ ತೋಳು ನೋಡಿದ.
ಶಾಯಿ ತೊಳೆದು ಹೋಗಿತ್ತು; ಸುತ್ತ ಬಿಸಿಲು ಸುಟ್ಟು
ಅಂಕೆಯಷ್ಟೇ ನನ್ನ ಹಳೇ ಬಣ್ಣದಲ್ಲಿ ಉಳಿದಿತ್ತು.

"ಒಂದು, ಮೂರು, ಸೊನ್ನೆ, ಆರು," ಓದಿದ. "ಏನಿದು?"
ಹೇಳುವಷ್ಟರಲ್ಲಿ ಸೀಸೆ ತುಂಬಿತು.
ಹತ್ತಿ ಒತ್ತಿ ಹಿಡಿದುಕೊಳ್ಳಿ ಎಂದೆ.