ಕೊಯ್ದ ತುದಿ ಮೇಲಕ್ಕೆ

ತಾಮತಿ, ತಿರುಗಿಸು ಅದನ್ನು.
ಗರಗಸ ತಾಗಿದ ತುದಿ ಆಕಾಶಕ್ಕೆ,
ಕಾರ್ಖಾನೆಯಿಂದ ಬಂದ ತುದಿ ಮಣ್ಣಿಗೆ.
ಎಷ್ಟು ಸಲ ಹೇಳಲಿ ಮಾರಾಯ,
ಮದ್ದು ಇಳಿದಿರುವುದು ಹೊರಗಿನ ಎರಡು ಬೆರಳು ದಪ್ಪಕ್ಕೆ.
ನಡುವಿನ ತಿರುಳು ಇನ್ನೂ ಬರೀ ಪೈನ್,
ಇಪ್ಪತ್ತೈದು ವರ್ಷದ ಎಳಸು,
ಒದ್ದೆ ಮಣ್ಣು ಮಾತಾಡಿಸಿದರೆ ಸಾಕು, ಕರಗಿಬಿಡುತ್ತದೆ.

ಮದ್ದು ಹಾಕುವುದನ್ನು ಒಮ್ಮೆ ಕಂಡಿದ್ದೇನೆ.
ರೈಲು ಬೋಗಿಯಷ್ಟುದ್ದದ ಉಕ್ಕಿನ ಕೊಳವೆ,
ಟ್ರಾಲಿ ಸಮೇತ ಕಂಬಗಳನ್ನು ಒಳಗೆ ನೂಕಿ
ಬಾಗಿಲು ಬಿಗಿಯುತ್ತಾರೆ.
ಮೊದಲು ಗಾಳಿ ಹೀರುತ್ತಾರೆ,
ಮರ ಕಾಡಿನಿಂದ ತಂದಿದ್ದ ಗಾಳಿಯನ್ನೂ ಸೇರಿಸಿ.
ಆಮೇಲೆ ತಾಮ್ರ, ಕ್ರೋಮ್, ಪಾಷಾಣ ಕಲೆಸಿದ ನೀರು,
ಮೀಟರಿನ ಮುಳ್ಳು ನಡುಗುವ ತನಕ ಒತ್ತಡ.
ಹೊರಬಂದಾಗ ಎಲ್ಲಕ್ಕೂ ಒಂದೇ ಮೈಬಣ್ಣ,
ತಿಕ್ಕದೆ ಬಿಟ್ಟ ತಾಮ್ರದ ಪಾತ್ರೆಯ ಕಿಲುಬು.

ಹಳೆಯ ಸಾಲು ಟೋಟಾರದ್ದು.
ಮಿಸೆಸ್ ಗಿಲ್‌ಕ್ರಿಸ್ಟ್‌ಳ ಮಾವ ಬೆಣೆ ಹೊಡೆದು ಸೀಳಿದ್ದಂತೆ,
ಅವಳು ಮದುವೆಯಾಗಿ ಒವಾಕಾಕ್ಕೆ ಬರುವ ಮೊದಲೇ.
ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಕಿತ್ತೆವು.
ಮೇಲೆ ತೊಡೆಯಷ್ಟು ದಪ್ಪ,
ನೆಲದ ಮಟ್ಟದಲ್ಲಿ ಸವೆದು ಸವೆದು ನನ್ನ ಮಣಿಕಟ್ಟಿನಷ್ಟು.
ಒಂದಂತೂ ತಂತಿಯನ್ನು ಹಿಡಿದಿರಲಿಲ್ಲ,
ತಂತಿಗೆ ಜೋತುಬಿದ್ದಿತ್ತು.
ಅವಳು ಕೈಗಾಡಿ ತಂದು ಒಂದೊಂದನ್ನೂ ಹೇರಿಕೊಂಡು ಹೋದಳು.
ಸೌದೆಗೆ, ಅಂದಳು.

ಆಗಲೇ ತಾಮತಿ ಚಹಾ ಕಾಯಿಸಲೆಂದು
ಹಸಿರು ತುಂಡುಗಳನ್ನು ರಾಶಿ ಮಾಡುತ್ತಿದ್ದ.
ಬೇಡ! ಎಂದು ಕೂಗಿದ್ದು ನಾನೇ,
ಹೊಳೆಯಾಚೆಯ ಕುರಿಗಳೂ ತಲೆ ಎತ್ತಿದವು.
ಅದರ ಹೊಗೆ ವಿಷ. ಬೂದಿ ಇನ್ನೂ ವಿಷ.
ಉಪ್ಪುಪ್ಪಾಗಿರುತ್ತದೆ, ದನ ನೆಕ್ಕುತ್ತದೆ,
ಬೆಳಗ್ಗೆ ನಾಲ್ಕೂ ಕಾಲು ಸೆಟೆದಿರುತ್ತದೆ.
ಗೋಣಿಗೆ ತುಂಬು, ಹೊರಗೆ ಕಳಿಸೋಣ.

ಏನನ್ನೂ ಮೇಯದ ಬೇಲಿ ಇದು,
ಇದನ್ನೂ ಏನೂ ಮೇಯುವುದಿಲ್ಲ.
ಹುಳು ಮೂಸಿ ಹಿಂದಿರುಗುತ್ತದೆ,
ಬೂಷ್ಟು ಬೇರೆ ಮನೆ ನೋಡಿಕೊಳ್ಳುತ್ತದೆ.

ಎಷ್ಟು ವರ್ಷ ಬರುತ್ತೆ? ಕೇಳಿದಳು ಮುದುಕಿ.
ಕಾಗದದಲ್ಲಿ ಐವತ್ತು, ಅಂದೆ.
ಹಾಗಾದರೆ ನನ್ನನ್ನೂ ಆ ಕೊಳವೆಗೆ ಹಾಕಿಸು, ಎಂದು ನಕ್ಕು,
ಕಂಬವನ್ನು ಗೆಣ್ಣಿನಿಂದ ತಟ್ಟಿ ಕೇಳಿ,
ಪಾಪ, ಕೊನೆಗೆ ಒಲೆಗೂ ಆಗಿಬರಲ್ಲ, ಅಂದಳು.

ಸಂಜೆ ಅವಳ ಅಡುಗೆಮನೆ ಚಿಮಣಿಯಲ್ಲಿ ನೀಲಿ ಹೊಗೆ.
ಮೊಳೆ ಕಚ್ಚಿಕೊಂಡೇ ಉರಿಯುತ್ತಿತ್ತು ಟೋಟಾರ.
ಕೊಟ್ಟ ಸ್ಕೋನ್ ತಿಂದೆವು, ಒದ್ದೆ ಸಾಕ್ಸು ಒಣಗಿಸಿಕೊಂಡೆವು,
ಯಾರೋ ನಮಗಾಗಿ ಸೀಳಿಟ್ಟ ಹಾಗಿತ್ತು.

ಹೊರಗೆ ಬಂದರೆ ಮೂಲೆಗಂಬದ ನೆತ್ತಿಯ ಮೇಲೆ
ತಾಮತಿ ಪೆನ್ಸಿಲಿನಲ್ಲಿ ತನ್ನ ಮಗಳ ಹೆಸರು ಗೀಚುತ್ತಿದ್ದಾನೆ.
ಮೂರು ವಾರದ ಕೂಸು.
ಈ ಮಳೆಗೆ ಅದು ಭಾನುವಾರದವರೆಗೂ ನಿಲ್ಲಲ್ಲ ಕಣೋ,
ಹೇಳಬೇಕೆಂದುಕೊಂಡೆ.
ಅವನು ಬರೆದು ಮುಗಿಸಲಿ ಅಂತ ನಿಂತೆ,
ಆಮೇಲೆ ಮದ್ದಿನ ಡಬ್ಬಿ ತೆರೆದು
ಪಕ್ಕದ ಕಂಬದ ತಲೆಗೆ ಬ್ರಷ್ ಇಟ್ಟೆ.
ಇನ್ನೂ ನಲವತ್ತೊಂದು ಇವೆ.